ವೈದ್ಯಾಪರಾಧವಾಚಕ ಶಬ್ದಗಳು

೧. ಪ್ರಸ್ತಾವನೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕಿಗೆ ಸೇರಿದ ಸಾವಳಗಿಯಂತಹ ಊರಿನಲ್ಲಿ, ಚಿಕಿತ್ಸೆಯಿಂದಲೇ ತನ್ನವರಿಗೆ ಕೇಡಾಯಿತೆಂದು ನಂಬಿದವನೊಬ್ಬನು ಪೋಲೀಸು ಠಾಣೆಗೆ ಹೋಗಿ ಫಿರ್ಯಾದಿಯನ್ನು ಬರೆಯಿಸುವನೆಂದು ಭಾವಿಸಬಹುದು. ಅಂತಹ ಬರವಣಿಗೆಯಲ್ಲಿ ಸಹಜವಾಗಿ ಬಂದು ನಿಲ್ಲುವ ಶಬ್ದವು 'ನಿಷ್ಕಾಳಜಿ' ಎಂಬುದು. ಇದೇ ಸಂಗತಿಯನ್ನು ಹಳೆಯ ಮೈಸೂರು ಸೀಮೆಯ ಠಾಣೆಯಲ್ಲಿ 'ಅಜಾಗರೂಕತೆ' ಎಂದು ಬರೆಯುವರು. ವೃತ್ತಪತ್ರಿಕೆಗಳು 'ವೈದ್ಯರ ನಿರ್ಲಕ್ಷ್ಯ' ಎಂದು ಅಚ್ಚುಹಾಕುವುವು. ಮೂರೂ ಒಂದೇ ಅರ್ಥವುಳ್ಳವೆಂದು ಸಾಮಾನ್ಯರು ತಿಳಿದಿರುವುದಲ್ಲದೆ, ವೈದ್ಯನಿಂದ ಆಗಬಹುದಾದ ಎಲ್ಲ ಬಗೆಯ ತಪ್ಪುಗಳನ್ನೂ ಈ ಮೂರರಲ್ಲಿ ಒಂದರೊಳಗೆ ಅಡಗಿಸಿಬಿಡುವುದು ರೂಢಿಯಾಗಿದೆ. ಆದರೆ ನ್ಯಾಯಶಾಸ್ತ್ರದಲ್ಲಿ ಈ ತಪ್ಪುಗಳು ಒಂದೇ ಅಲ್ಲ. ಒಂದೊಂದಕ್ಕೂ ಬೇರೆ ಲಕ್ಷಣ, ಬೇರೆ ನ್ಯಾಯಸ್ಥಾನ, ಬೇರೆ ಪರಿಹಾರ ಉಂಟು. ಶಬ್ದವು ತಪ್ಪಿದರೆ ದಾರಿಯೂ ತಪ್ಪುತ್ತದೆ. ಆದುದರಿಂದ ಈ ಶಬ್ದಗಳ ಮೂಲವನ್ನೂ ಅರ್ಥವ್ಯಾಪ್ತಿಯನ್ನೂ ಶೋಧಿಸುವುದು ನ್ಯಾಯವಾದಿಗಳಿಗೆ ಮಾತ್ರವಲ್ಲದೆ ಭಾಷಾವ್ಯಾಸಂಗಿಗಳಿಗೂ ಕರ್ತವ್ಯವಾಗಿದೆ.

೨. ಬಳಕೆಯ ಮೂರು ಶಬ್ದಗಳು

'ಕಾಳಜಿ' ಎಂಬುದು ಮರಾಠಿಯಿಂದ ಬಂದ ಪದ. ಜಮಖಂಡಿಯು ೧೯೪೮ರವರೆಗೆ ಪಟವರ್ಧನ ಮನೆತನದ ಅರಸರ ಸಂಸ್ಥಾನವಾಗಿತ್ತು. ಆ ವರ್ಷ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ವಿಜಾಪುರ ಜಿಲ್ಲೆಗೆ ಸೇರಿತು. ೧೯೫೬ರಲ್ಲಿ ವಿಶಾಲ ಮೈಸೂರು ರಾಜ್ಯಕ್ಕೂ, ೧೯೯೭ರಲ್ಲಿ ಹೊಸದಾಗಿ ರಚಿತವಾದ ಬಾಗಲಕೋಟೆ ಜಿಲ್ಲೆಗೂ ಸೇರಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿಯ ನೆರಳು ಎಂಬ ಈ ಸ್ಥಿತಿಯಿಂದಲೇ ಫಿರ್ಯಾದಿ, ಗುನ್ಹೆ, ನಿಷ್ಕಾಳಜಿ ಮೊದಲಾದುವು ಈ ಭಾಗದ ವ್ಯವಹಾರಭಾಷೆಯಲ್ಲಿ ಬೇರೂರಿದುವು. ಚಿಂತೆ, ಆಸ್ಥೆ, ಮುತುವರ್ಜಿ ಎಂಬಿವು ಕಾಳಜಿಯ ಅರ್ಥಗಳು. ದೇಶ್ಯಪದಕ್ಕೆ ಸಂಸ್ಕೃತದ ಉಪಸರ್ಗವನ್ನು ಕೂಡಿಸಿ ಮಾಡಿದ 'ನಿಷ್ಕಾಳಜಿ'ಯು ಆಸ್ಥೆಯಿಲ್ಲದಿರುವಿಕೆಯನ್ನು ಹೇಳುತ್ತದೆ.

'ಅಜಾಗರೂಕತೆ'ಯು ಎಚ್ಚರವಾಗಿರುವುದೆಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದುದು. ಎಚ್ಚರವಿಲ್ಲದಿರುವುದೇ ಅದರ ಅರ್ಥ. 'ನಿರ್ಲಕ್ಷ್ಯ'ದ ಕಥೆಯು ಇನ್ನೂ ವಿಚಿತ್ರವಾದುದು. ಸಂಸ್ಕೃತದಲ್ಲಿ ಇದಕ್ಕೆ ಕಣ್ಣಿಗೆ ಬೀಳದುದು, ಗುರುತಿಸಲಾಗದುದು ಎಂಬ ಅರ್ಥ. ಕನ್ನಡದಲ್ಲಾದರೋ ಅದು ಲಕ್ಷ್ಯ ಕೊಡದಿರುವಿಕೆಯನ್ನು ಸೂಚಿಸುವುದಾಗಿ, ಕ್ರಮೇಣ ಅನಾದರ, ಉಪೇಕ್ಷೆ ಎಂಬ ಛಾಯೆಯನ್ನೂ ಪಡೆದಿದೆ. 'ಅವನು ನನ್ನನ್ನು ನಿರ್ಲಕ್ಷಿಸಿದನು' ಎಂದರೆ ಕಂಡರೂ ಕಾಣದವನಂತೆ ಹೋದನೆಂದು ಅರ್ಥವಾಗುವುದೇ ಹೊರತು, ಮಾಡುವ ಕೆಲಸದಲ್ಲಿ ತಪ್ಪಿದನೆಂದು ಅರ್ಥವಾಗುವುದಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಈ ಮೂರು ಶಬ್ದಗಳೂ ಮನೋಧರ್ಮವನ್ನು ಹೇಳತಕ್ಕವು. ಆಸ್ಥೆ, ಎಚ್ಚರ, ಆದರ ಇವು ಮನಸ್ಸಿನ ಗುಣಗಳು. ನ್ಯಾಯಸ್ಥಾನವಾದರೋ ಪರಿಹಾರದ ವ್ಯಾಜ್ಯದಲ್ಲಿ ವೈದ್ಯನ ಮನಸ್ಸನ್ನು ಅಳೆಯುವುದಿಲ್ಲ. ಅವನು ಮಾಡಿದ ಕೆಲಸವನ್ನು ಅಳೆಯುತ್ತದೆ. ಆ ವೃತ್ತಿಯಲ್ಲಿ ಸಾಧಾರಣ ನೈಪುಣ್ಯವುಳ್ಳವನೊಬ್ಬನು ಅದೇ ಸಂದರ್ಭದಲ್ಲಿ ಮಾಡುತ್ತಿದ್ದುದೇನು ಎಂಬುದೇ ಅಳತೆಗೋಲು. ಇಂಗ್ಲೆಂಡಿನಲ್ಲಿ ೧೯೫೭ರ ಬೋಲಂ ಪ್ರಕರಣದಲ್ಲಿ ನಿರೂಪಿತವಾದ ಈ ನಿಯಮವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೦೫ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಅಂಗೀಕರಿಸಿತು. ರಾತ್ರಿಯೆಲ್ಲ ರೋಗಿಯ ಹಾಸಿಗೆಯ ಬಳಿಯಲ್ಲಿ ಕುಳಿತಿದ್ದ ವೈದ್ಯನು, ಈ ದೇಹಕ್ಕೆ ಒಗ್ಗದ ಔಷಧವಾವುದೆಂದು ವಿಚಾರಿಸದೆ ಸೂಜಿ ಚುಚ್ಚಿದ್ದರೆ, ಅವನಲ್ಲಿ ಕಾಳಜಿಯು ತುಂಬಿದ್ದರೂ ತಪ್ಪು ತಪ್ಪೇ. ಅದಕ್ಕೆ ಪ್ರತಿಯಾಗಿ, ಒರಟಾಗಿ ಮಾತನಾಡಿ ಸರಿಯಾದ ಔಷಧವನ್ನೇ ಕೊಟ್ಟವನು ಜನರ ಬಾಯಲ್ಲಿ ನಿಷ್ಕಾಳಜಿಯವನೆನಿಸಿದರೂ ನ್ಯಾಯದ ದೃಷ್ಟಿಯಲ್ಲಿ ನಿರ್ದೋಷಿ. ರೋಗವು ವಾಸಿಯಾಗದಿರುವುದಾಗಲಿ ರೋಗಿಯು ಮೃತನಾಗುವುದಾಗಲಿ ತಾನಾಗಿ ದೋಷಕ್ಕೆ ಸಾಕ್ಷ್ಯವಲ್ಲ.

೩. ಧರ್ಮಶಾಸ್ತ್ರ ಮತ್ತು ಅರ್ಥಶಾಸ್ತ್ರಗಳ ಪರಿಭಾಷೆ

ಪ್ರಾಚೀನರು ಈ ವಿಷಯದಲ್ಲಿ ಬಳಸಿದ ಶಬ್ದಗಳನ್ನು ನೋಡಿದರೆ ಅವರ ವಿಂಗಡಣೆಯ ಸೂಕ್ಷ್ಮತೆಯು ಕಂಡುಬರುತ್ತದೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು 'ಮಿಥ್ಯಾ'ಪೂರ್ವಕವಾಗಿ ಚಿಕಿತ್ಸೆ ನಡೆಸುವವರಿಗೆ ದಂಡವನ್ನು ವಿಧಿಸುತ್ತದೆ: ರೋಗಿಯು ಪಶುವಾದರೆ ಪ್ರಥಮಸಾಹಸ, ಮನುಷ್ಯನಾದರೆ ಮಧ್ಯಮಸಾಹಸ. ಯಾಜ್ಞವಲ್ಕ್ಯನು ಇದೇ ಶಬ್ದವನ್ನು ಇಟ್ಟುಕೊಂಡು, ರಾಜಪುರುಷರ ವಿಷಯದಲ್ಲಿ ಉತ್ತಮಸಾಹಸವೆಂಬ ಮೂರನೆಯ ಮೆಟ್ಟಿಲನ್ನು ಸೇರಿಸುತ್ತಾನೆ. ಅವನ ಲೆಕ್ಕದಂತೆ ಉತ್ತಮಸಾಹಸವೆಂದರೆ ೧೦೮೦ ಪಣಗಳು. ಮಧ್ಯಮವು ಅದರ ಅರ್ಧ, ಎಂದರೆ ೫೪೦. ಪ್ರಥಮವು ಅದರಲ್ಲಿಯೂ ಅರ್ಧ, ೨೭೦.

'ಮಿಥ್ಯಾ' ಎಂಬ ಪದವು ಎರಡು ಅರ್ಥಗಳಿಗೆ ಎಡೆಗೊಡುತ್ತದೆ. ತಪ್ಪಾಗಿ ಚಿಕಿತ್ಸೆ ಮಾಡುವುದು ಒಂದು. ಸುಳ್ಳಾಗಿ ವೈದ್ಯನೆನಿಸಿಕೊಳ್ಳುವುದು ಇನ್ನೊಂದು. ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಎರಡನೆಯ ಅರ್ಥವನ್ನೇ ಹಿಡಿದಿದ್ದಾನೆ. ಆಯುರ್ವೇದವನ್ನು ಅರಿಯದೆಯೇ ಜೀವನೋಪಾಯಕ್ಕಾಗಿ ತಾನು ಚಿಕಿತ್ಸೆಯನ್ನು ಬಲ್ಲೆನೆಂದು ಹೇಳಿಕೊಂಡು ನಡೆಯುವವನೇ ಇಲ್ಲಿ ದಂಡಾರ್ಹನೆಂಬುದು ಅವನ ವಿವರಣೆಯ ತಾತ್ಪರ್ಯ. ಈ ವ್ಯಾಖ್ಯಾನವು ಹುಟ್ಟಿದುದು ಕನ್ನಡ ನಾಡಿನಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿ, ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಅದೇ ಚಾಲುಕ್ಯ ಮನೆತನದ ಕೀರ್ತಿವರ್ಮನು ಸುಮಾರು ಅದೇ ಕಾಲದಲ್ಲಿ 'ಗೋವೈದ್ಯ'ವೆಂಬ ಕನ್ನಡ ಗ್ರಂಥವನ್ನು ರಚಿಸಿದನೆಂಬುದನ್ನು ನೆನೆದರೆ, ಪಶುಚಿಕಿತ್ಸಕನ ಮಿಥ್ಯಾಚಾರಕ್ಕೂ ದಂಡವನ್ನು ಹೇಳಿದ ಸ್ಮೃತಿವಚನವು ಅಂದಿನ ವಾಚಕರಿಗೆ ಬರಿಯ ಪುಸ್ತಕದ ಮಾತಾಗಿರಲಿಲ್ಲವೆಂದು ಊಹಿಸಬಹುದು.

ವಿಜ್ಞಾನೇಶ್ವರನ ಅರ್ಥವನ್ನು ಒಪ್ಪಿದರೆ ಶಾಸ್ತ್ರವನ್ನು ಬಲ್ಲ ವೈದ್ಯನು ಕೈತಪ್ಪಿ ಮಾಡಿದ ಅಪರಾಧವು ಈ ವಚನದ ಹೊರಗುಳಿಯುತ್ತದೆ. ಆ ಕೊರತೆಯನ್ನು ತುಂಬುವುದು ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಈ ಗ್ರಂಥದ ನಾಲ್ಕನೆಯ ಅಧಿಕರಣದ ಮೊದಲನೆಯ ಅಧ್ಯಾಯದಲ್ಲಿ ವೈದ್ಯನ ತಪ್ಪುಗಳು ಮೂರಾಗಿ ವಿಂಗಡಿಸಲ್ಪಟ್ಟಿವೆ. ಪ್ರಾಣಾಪಾಯವುಳ್ಳ ರೋಗಕ್ಕೆ ತಿಳಿಸದೆಯೇ ಚಿಕಿತ್ಸೆಯನ್ನಾರಂಭಿಸಿ ರೋಗಿಯು ಸತ್ತರೆ ಪ್ರಥಮಸಾಹಸ ದಂಡ. 'ಕರ್ಮಾಪರಾಧ'ದಿಂದ, ಎಂದರೆ ಚಿಕಿತ್ಸಾಕ್ರಿಯೆಯಲ್ಲಿಯೇ ನಡೆದ ತಪ್ಪಿನಿಂದ ಸತ್ತರೆ ಮಧ್ಯಮ. ಮರ್ಮಸ್ಥಾನಕ್ಕೆ ಘಾತವಾಗಿ ಅಂಗವೈಕಲ್ಯವುಂಟಾದರೆ ಅದು 'ದಂಡಪಾರುಷ್ಯ', ಎಂದರೆ ಹೊಡೆತಬಡಿತದ ಅಪರಾಧದ ವರ್ಗಕ್ಕೆ ಸೇರತಕ್ಕದ್ದು. ತಿಳಿಸಬೇಕಾದುದು ರಾಜಾಧಿಕಾರಿಗಳಿಗೆ ಎಂದು ಅರ್ಥಮಾಡುವುದು ವಾಡಿಕೆ. ರೋಗಿಯ ಒಪ್ಪಿಗೆ ಎಂಬ ಇಂದಿನ ಭಾವನೆಯನ್ನು ಆ ಸೂತ್ರದಲ್ಲಿ ಹುಡುಕುವುದು ಸರಿಯಲ್ಲ.

ವೈದ್ಯಗ್ರಂಥಗಳೂ ಈ ವಿಷಯದಲ್ಲಿ ಮೌನವಾಗಿಲ್ಲ. ಚರಕಸಂಹಿತೆಯು ವೈದ್ಯರನ್ನು ಮೂರು ವರ್ಗ ಮಾಡಿ, ವೇಷದಿಂದ ವೈದ್ಯನಾದವನನ್ನು 'ಛದ್ಮಚರ'ನೆಂದೂ, ಹೆಸರುವಾಸಿಯಾದ ಬೇರೆಯವರ ಕೀರ್ತಿಯನ್ನು ಹೇಳಿಕೊಂಡು ಬದುಕುವವನನ್ನು 'ಸಿದ್ಧಸಾಧಿತ'ನೆಂದೂ ಕರೆದು, ನಿಜವಾದ ವೈದ್ಯನಿಂದ ಅವರನ್ನು ಬೇರ್ಪಡಿಸುತ್ತದೆ. ಸುಶ್ರುತಸಂಹಿತೆಯು ಕುವೈದ್ಯನು ಜನರನ್ನು ಕೊಲ್ಲುತ್ತ ತಿರುಗುವುದಕ್ಕೆ ರಾಜನ ದೋಷವೇ ಕಾರಣವೆನ್ನುತ್ತದೆ. ವೃತ್ತಿಯನ್ನು ಕೈಕೊಳ್ಳುವುದಕ್ಕೆ ರಾಜಾನುಜ್ಞೆಯು ಬೇಕೆನ್ನುತ್ತದೆ. ಮೂತ್ರಾಶಯದ ಕಲ್ಲನ್ನು ತೆಗೆಯುವ ಶಸ್ತ್ರಕರ್ಮದಂತಹ ಅಪಾಯಕರವಾದ ಕ್ರಿಯೆಗೆ ಮುನ್ನ ಒಡೆಯನನ್ನು ಕೇಳಿಕೊಳ್ಳಬೇಕೆಂದು ವಿಧಿಸುತ್ತದೆ.

ಹೀಗೆ ಮಿಥ್ಯಾಚಾರ, ಅನಾಖ್ಯಾನ, ಕರ್ಮಾಪರಾಧ ಎಂದು ಮೂರು ಬೇರೆ ಬೇರೆ ದೋಷಗಳಿಗೆ ಮೂರು ಬೇರೆ ಬೇರೆ ನಿರ್ದೇಶಗಳು ಪ್ರಾಚೀನರಲ್ಲಿ ದೊರೆಯುತ್ತವೆ. ಅಧಿಕಾರವಿಲ್ಲದಿರುವುದು ಮೊದಲನೆಯದು, ತಿಳಿಸದಿರುವುದು ಎರಡನೆಯದು, ಕೆಲಸವು ಕೆಟ್ಟದ್ದು ಮೂರನೆಯದು. ಮನಸ್ಸಿನ ಗುಣವನ್ನು ಹೇಳುವ ಪದವು ಇವುಗಳಲ್ಲಿ ಒಂದೂ ಇಲ್ಲ.

೪. ಜನವಾಣಿ ಮತ್ತು ಆಂಗ್ಲ ಪರಿಭಾಷೆ

ಕನ್ನಡದ ಜನವಾಣಿಯಲ್ಲಿ ಛದ್ಮಚರನಿಗೆ ಸಮಾನನಾದವನು 'ಅಳಲೆಕಾಯಿ ಪಂಡಿತ'. ಯಾವ ರೋಗಕ್ಕೂ ಅಳಲೆಕಾಯಿಯೊಂದನ್ನೇ ತೇದುಕೊಡುವವನೆಂಬ ಹಾಸ್ಯವು ಈ ಹೆಸರಿನಲ್ಲಿದೆ. ವೃತ್ತಪತ್ರಿಕೆಗಳ 'ನಕಲಿ ವೈದ್ಯ'ನೂ ಇವನೇ. 'ನಾಟಿವೈದ್ಯ'ನನ್ನು ಮಾತ್ರ ಇವನೊಡನೆ ಬೆರೆಸತಕ್ಕದ್ದಲ್ಲ. ಆ ಶಬ್ದವು ಪದ್ಧತಿಯನ್ನು ಹೇಳುವುದೇ ಹೊರತು ಅಪರಾಧವನ್ನಲ್ಲ. ನೋಡತಕ್ಕ ವಿಶೇಷವೆಂದರೆ, ಕಪಟವೈದ್ಯನಿಗೆ ಇಷ್ಟು ಚುರುಕಾದ ಹೆಸರನ್ನಿಟ್ಟ ಆಡುಮಾತು, ಬಲ್ಲವನೇ ಮಾಡಿದ ಚಿಕಿತ್ಸೆಯ ತಪ್ಪಿಗೆ ಅಷ್ಟು ಖಚಿತವಾದ ಹೆಸರನ್ನು ಬಳಕೆಗೆ ತರಲಿಲ್ಲ.

ಇಂಗ್ಲೆಂಡಿನಲ್ಲಿ ಬ್ಲ್ಯಾಕ್‌ಸ್ಟನ್ ಪಂಡಿತನು ೧೭೬೮ರಲ್ಲಿ ಪ್ರಕಟವಾದ ತನ್ನ ನ್ಯಾಯವಿವರಣೆಯ ಮೂರನೆಯ ಸಂಪುಟದಲ್ಲಿ ವೈದ್ಯನ, ಶಸ್ತ್ರವೈದ್ಯನ ಅಥವಾ ಔಷಧಕಾರನ ಅಕೌಶಲದಿಂದಲೋ ಉಪೇಕ್ಷೆಯಿಂದಲೋ ಆಗುವ ಹಾನಿಗೆ 'ಮಾಲಾ ಪ್ರಾಕ್ಸಿಸ್' ಎಂಬ ಲ್ಯಾಟಿನ್ ಹೆಸರನ್ನು ಹೇಳಿದನು. 'ಕೆಟ್ಟ ಆಚರಣೆ' ಎಂದು ಅದರ ಶಬ್ದಾರ್ಥ. ಕೌಟಿಲ್ಯನ ಕರ್ಮಾಪರಾಧಕ್ಕೆ ಇದು ಬಹಳ ಸಮೀಪವಾದುದು. ಇದರಿಂದ ಬೆಳೆದ 'ಮಾಲ್‌ಪ್ರಾಕ್ಟೀಸ್' ಎಂಬ ಶಬ್ದವು ಅಮೇರಿಕದಲ್ಲಿ ವೈದ್ಯಾಪರಾಧಕ್ಕೆ ರೂಢವಾಗಿದ್ದರೆ, ಭಾರತದಲ್ಲಿ ಪರೀಕ್ಷೆಯ ನಕಲು, ಚುನಾವಣೆಯ ಅಕ್ರಮ ಮುಂತಾದುವುಗಳಿಗೆ ಅಂಟಿಕೊಂಡಿದೆ. ಆ ಕಾರಣದಿಂದ ಅದನ್ನು ಕನ್ನಡಕ್ಕೆ ತಿರುಗಿಸುವವರು 'ವೈದ್ಯಕೀಯ ಅವ್ಯವಹಾರ' ಎಂದು ಬರೆದು, ಹಣದ ಮೋಸದ ಭಾವನೆಯನ್ನು ತಂದುಬಿಡುವುದುಂಟು. ಇಲ್ಲಿನ ನ್ಯಾಯಸ್ಥಾನಗಳಲ್ಲಿ ನೆಲೆಸಿದ ಶಬ್ದವು 'ನೆಗ್ಲಿಜೆನ್ಸ್'. ೧೮೬೦ರ ಭಾರತೀಯ ದಂಡಸಂಹಿತೆಗೆ ೧೮೭೦ರಲ್ಲಿ ಸೇರಿಸಲ್ಪಟ್ಟ ೩೦೪-ಎ ಪ್ರಕರಣವು ದುಡುಕಿನಿಂದಲೋ ನೆಗ್ಲಿಜೆನ್ಸಿನಿಂದಲೋ ಮರಣವನ್ನುಂಟುಮಾಡುವುದನ್ನು ಅಪರಾಧವೆಂದಿತು. ಕನ್ನಡದ ಮೂರು ಶಬ್ದಗಳೂ ಈ ಒಂದು ಶಬ್ದಕ್ಕೆ ಪ್ರತಿಯಾಗಿ ಬಳಕೆಗೆ ಬಂದುವು.

೫. ಪ್ರಕೃತ ನ್ಯಾಯದಲ್ಲಿ ಆರು ಭೇದಗಳು

ಈಗ ನಡೆಯುತ್ತಿರುವ ನ್ಯಾಯದಂತೆ ವೈದ್ಯಾಪರಾಧವು ಮುಖ್ಯವಾಗಿ ಆರು ಬಗೆಯಾಗಿದೆ.

(ಅ) ಸಿವಿಲ್ ನಿರ್ಲಕ್ಷ್ಯ. ಪರಿಹಾರದ್ರವ್ಯವನ್ನು ಕೋರುವ ವ್ಯಾಜ್ಯಕ್ಕೆ ಇದು ಆಧಾರ. ೧೯೬೮ರ ಲಕ್ಷ್ಮಣ ಬಾಲಕೃಷ್ಣ ಜೋಶಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವೈದ್ಯನ ಕರ್ತವ್ಯಗಳನ್ನು ಮೂರಾಗಿ ಹೇಳಿತು: ರೋಗಿಯನ್ನು ಕೈಗೆತ್ತಿಕೊಳ್ಳಬೇಕೇ ಎಂದು ನಿರ್ಣಯಿಸುವಾಗ, ಯಾವ ಚಿಕಿತ್ಸೆಯೆಂದು ನಿರ್ಣಯಿಸುವಾಗ, ಆ ಚಿಕಿತ್ಸೆಯನ್ನು ನಡೆಸುವಾಗ, ಈ ಮೂರು ಸಂದರ್ಭಗಳಲ್ಲಿಯೂ ತಕ್ಕಷ್ಟು ಎಚ್ಚರವನ್ನು ವಹಿಸಬೇಕು. ಕೆಲವು ಸಂಗತಿಗಳು ತಾವೇ ಸಾಕ್ಷಿ ನುಡಿಯುತ್ತವೆ. ೧೯೬೩ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾದ ಸ್ತ್ರೀಯೊಬ್ಬಳ ಹೊಟ್ಟೆಯಲ್ಲಿ ಬಟ್ಟೆಯು ಉಳಿದುಹೋಗಿ ಆಕೆಯು ಮೃತಳಾದ ಸಂಗತಿಯಲ್ಲಿ, ಸರ್ಕಾರವೇ ಹೊಣೆಯೆಂದು ೧೯೯೬ರಲ್ಲಿ ಅದೇ ನ್ಯಾಯಾಲಯವು ತೀರ್ಪಿತ್ತಿತು.

(ಆ) ಘೋರ ನಿರ್ಲಕ್ಷ್ಯ. ವೈದ್ಯನನ್ನು ಅಪರಾಧಿಯೆಂದು ದಂಡಿಸಬೇಕಾದರೆ ಸಾಮಾನ್ಯ ತಪ್ಪು ಸಾಲದು. ಅದು ಘೋರವಾಗಿರಬೇಕೆಂದು ೨೦೦೫ರ ತೀರ್ಪು ಹೇಳಿತು. ಮತ್ತೊಬ್ಬ ಸಮರ್ಥ ವೈದ್ಯನ ನಂಬತಕ್ಕ ಅಭಿಪ್ರಾಯವಿಲ್ಲದೆ ಖಾಸಗಿ ಫಿರ್ಯಾದಿಯನ್ನು ಪುರಸ್ಕರಿಸಕೂಡದೆಂದೂ, ವೈದ್ಯನನ್ನು ಮಾಮೂಲಿನಂತೆ ಬಂಧಿಸಕೂಡದೆಂದೂ ಅದರಲ್ಲಿ ವಿಧಿಸಲಾಯಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಪ್ರಕರಣವು ನಿರ್ಲಕ್ಷ್ಯದ ಮರಣಕ್ಕೆ ಐದು ವರ್ಷಗಳವರೆಗೆ ಶಿಕ್ಷೆಯನ್ನು ಹೇಳಿ, ನೋಂದಾಯಿತ ವೈದ್ಯನು ಚಿಕಿತ್ಸಾಕ್ರಿಯೆಯನ್ನು ನಡೆಸುತ್ತಿದ್ದಾಗ ಸಂಭವಿಸಿದುದಾದರೆ ಅದನ್ನು ಎರಡು ವರ್ಷಗಳಿಗೆ ಮಿತಗೊಳಿಸಿದೆ, ಎರಡರಲ್ಲಿಯೂ ಜುಲ್ಮಾನೆಯುಂಟು.

(ಇ) ಸೇವಾನ್ಯೂನತೆ. ಇದು ೧೯೮೬ರ ಗ್ರಾಹಕ ಸಂರಕ್ಷಣಾ ಶಾಸನದಿಂದ ಬಂದ ಶಬ್ದ. ಹಣ ಪಡೆದು ಮಾಡುವ ಚಿಕಿತ್ಸೆಯೂ ಇಲ್ಲಿ 'ಸೇವೆ'ಯೇ ಎಂದು ೧೯೯೫ರ ವಿ. ಪಿ. ಶಾಂತಾ ಪ್ರಕರಣದಲ್ಲಿ ನಿರ್ಣಯವಾಯಿತು. ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯು ಮಾತ್ರ ಇದರ ಹೊರಗೆ. ೨೦೧೯ರ ಹೊಸ ಶಾಸನವು ತಿಳಿಸಬೇಕಾದುದನ್ನು ಬುದ್ಧಿಪೂರ್ವಕವಾಗಿ ಮರೆಮಾಡುವುದನ್ನೂ ನ್ಯೂನತೆಯಲ್ಲಿ ಸೇರಿಸಿದೆ. ದೂರನ್ನು ಸಲ್ಲಿಸಲು ಸಾಮಾನ್ಯವಾಗಿ ಎರಡು ವರ್ಷಗಳ ಅವಧಿಯುಂಟು.

(ಈ) ವೃತ್ತಿದುರ್ನಡತೆ. ಇದಕ್ಕೆ ರೋಗಿಗೆ ಹಾನಿಯಾಗಿರಬೇಕೆಂಬ ನಿಯಮವೇ ಇಲ್ಲ. ೨೦೦೨ರ ವೈದ್ಯವೃತ್ತಿಯ ನಡತೆಯ ನಿಯಮಗಳಂತೆ, ಕೇಳಿದ ೭೨ ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆಗಳನ್ನು ಕೊಡದಿರುವುದೂ ದುರ್ನಡತೆಯೇ. ವಿಚಾರಿಸತಕ್ಕವರು ನ್ಯಾಯಾಧೀಶರಲ್ಲ, ವೈದ್ಯಕೀಯ ಪರಿಷತ್ತಿನವರು. ಶಿಕ್ಷೆಯು ಸೆರೆಮನೆಯಲ್ಲ, ಪಟ್ಟಿಯಿಂದ ಹೆಸರು ಹೊಡೆದುಹಾಕುವುದು ಮೊದಲಾದುದು.

(ಉ) ಅನಧಿಕೃತ ವೈದ್ಯವೃತ್ತಿ. ಇದು ವಿಜ್ಞಾನೇಶ್ವರನು ಹೇಳಿದ ಮಿಥ್ಯಾಚಾರ. ೧೯೯೬ರ ಪೂನಂ ವರ್ಮಾ ಪ್ರಕರಣದಲ್ಲಿ, ಹೋಮಿಯೋಪಥಿಯನ್ನು ಕಲಿತವನು ಅಲೋಪಥಿಯ ಔಷಧಗಳನ್ನು ಕೊಟ್ಟುದರಿಂದ, ತನಗೆ ತಿಳಿಯದ ಪದ್ಧತಿಯಲ್ಲಿ ಕೈಹಾಕಿದುದೇ ದೋಷವೆಂದು ನಿರ್ಣಯಿಸಲಾಯಿತು. ೨೦೧೯ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಶಾಸನವು ನೋಂದಣಿಯಿಲ್ಲದೆ ವೃತ್ತಿ ನಡೆಸುವವನಿಗೆ ಒಂದು ವರ್ಷದವರೆಗೆ ಸೆರೆಮನೆಯನ್ನೋ ಐದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯನ್ನೋ ಎರಡನ್ನೋ ವಿಧಿಸುತ್ತದೆ.

(ಊ) ಸಮ್ಮತಿರಹಿತ ಚಿಕಿತ್ಸೆ. ೨೦೦೮ರ ಸಮೀರಾ ಕೊಹ್ಲಿ ಪ್ರಕರಣದಂತೆ ರೋಗಿಯ ಸಮ್ಮತಿಯು ತಿಳಿದು ಕೊಟ್ಟುದಾಗಿರಬೇಕು. ಪರೀಕ್ಷೆಗೆ ಕೊಟ್ಟ ಸಮ್ಮತಿಯು ಅಂಗವನ್ನು ತೆಗೆಯುವುದಕ್ಕೆ ಸಮ್ಮತಿಯಾಗದು. ಪ್ರಾಣವನ್ನುಳಿಸಲು ತಡಮಾಡಲಾಗದ ಸಂದರ್ಭವು ಮಾತ್ರ ಇದಕ್ಕೆ ಅಪವಾದ. ಶಸ್ತ್ರಕ್ರಿಯೆಯು ಎಷ್ಟೇ ಚೆನ್ನಾಗಿ ನಡೆದಿದ್ದರೂ ಸಮ್ಮತಿಯಿಲ್ಲದಿದ್ದರೆ ಅಪರಾಧವು ಅಪರಾಧವೇ.

ಈ ಭೇದಗಳ ಫಲವನ್ನು ಸಾವಳಗಿಯ ಫಿರ್ಯಾದಿದಾರನಿಗೆ ಅನ್ವಯಿಸಿ ನೋಡಿದರೆ ವಿಷಯವು ಸ್ಪಷ್ಟವಾಗುತ್ತದೆ. ಹಣ ಕೊಟ್ಟು ಖಾಸಗಿ ಆಸ್ಪತ್ರೆಯಲ್ಲಿ ಕೇಡು ಅನುಭವಿಸಿದವನಿಗೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ಪೂರ್ತಿ ಉಚಿತವಾದ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದವನಿಗೆ ಅದು ಮುಚ್ಚಿದೆ, ಸಿವಿಲ್ ನ್ಯಾಯಾಲಯವುಂಟು. ದಾಖಲೆಗಳನ್ನು ಕೊಡದವನ ಮೇಲೆ ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬೇಕು. ಪೋಲೀಸು ಠಾಣೆಗೆ ನೇರವಾಗಿ ಸಂಬಂಧಿಸಿದುವು ಘೋರವಾದ ತಪ್ಪು, ಅನಧಿಕೃತ ವೃತ್ತಿ ಮುಂತಾದ ದಂಡಾರ್ಹ ಸಂಗತಿಗಳು ಮಾತ್ರ. ಆದರೆ ಎಲ್ಲಕ್ಕೂ 'ನಿಷ್ಕಾಳಜಿ' ಎಂಬ ಒಂದೇ ಶಬ್ದವಿದ್ದುದರಿಂದ ಅವನು ಮೊದಲು ಹೋಗುವುದು ಠಾಣೆಗೆ. ಅಲ್ಲಿ ಘೋರತ್ವವು ಸಿದ್ಧವಾಗದೆ ಬರಿಗೈಯಲ್ಲಿ ಹಿಂದಿರುಗಿದವನು ತನಗೆ ನ್ಯಾಯವೇ ಇಲ್ಲವೆಂದುಕೊಳ್ಳುತ್ತಾನೆ. ಅಷ್ಟರಲ್ಲಿ ಎರಡು ವರ್ಷಗಳ ಅವಧಿಯು ಮೀರಿಹೋಗಬಹುದು. ಇತ್ತ, ಕೈತಪ್ಪಿದುದನ್ನು ಮನಸಾರೆ ದುಃಖಿಸುತ್ತಿರುವ ವೈದ್ಯನೂ 'ನಿರ್ಲಕ್ಷ್ಯ'ವೆಂಬ ಮಾತನ್ನು ಕೇಳಿ, ತನ್ನ ಹೃದಯವನ್ನೇ ನಿಂದಿಸಿದರೆಂದು ಕೆರಳಿ, ನಡೆದುದನ್ನು ಹೇಳದೆ ಬಾಯಿ ಮುಚ್ಚುತ್ತಾನೆ. ಒಂದು ಶಬ್ದದ ಅಸ್ಪಷ್ಟತೆಯಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ.

೬. ಉಪಸಂಹಾರ

ಹಾಗಾದರೆ ಕೌಟಿಲ್ಯನ 'ಕರ್ಮಾಪರಾಧ'ವನ್ನೇ ಪುನರುಜ್ಜೀವನಗೊಳಿಸಬಹುದೇ ಎಂಬ ಪ್ರಶ್ನೆಯು ಏಳುತ್ತದೆ. ಅರ್ಥದಲ್ಲಿ ಅದಕ್ಕಿಂತ ಸಮರ್ಪಕವಾದ ಪದವಿಲ್ಲ. ಆದರೆ ಕನ್ನಡದಲ್ಲಿ 'ಕರ್ಮ'ವೆಂದರೆ ಪೂರ್ವಾರ್ಜಿತವೆಂದೇ ಕೇಳುವವನಿಗೆ ಮೊದಲು ಹೊಳೆಯುವುದು. ವೈದ್ಯನ ಕೈತಪ್ಪನ್ನು ಹೇಳಹೋಗಿ ರೋಗಿಯ ಹಣೆಬರಹವನ್ನು ಹೇಳಿದಂತಾದೀತು. ಆದುದರಿಂದ 'ಚಿಕಿತ್ಸಾದೋಷ'ವೆಂಬುದು ಉಚಿತವೆಂದು ತೋರುತ್ತದೆ. ಅದು ಮನಸ್ಸನ್ನು ಬಿಟ್ಟು ಕೆಲಸವನ್ನು ನಿರ್ದೇಶಿಸುತ್ತದೆ. ಸಾವಳಗಿಯವನಿಗೂ ಮೈಸೂರಿನವನಿಗೂ ಸಮಾನವಾಗಿ ತಿಳಿಯುತ್ತದೆ. 'ನಿರ್ಲಕ್ಷ್ಯ'ವು ನ್ಯಾಯಗ್ರಂಥಗಳಲ್ಲಿ ಬೇರೂರಿರುವುದರಿಂದ ಅದನ್ನು ಕೀಳುವುದು ಶಕ್ಯವಲ್ಲ. ಆದರೆ ನಿಘಂಟುಕಾರರು ಅದಕ್ಕೆ ನ್ಯಾಯಾರ್ಥವನ್ನು ಬೇರೆಯಾಗಿ ಕೊಟ್ಟು, 'ವೃತ್ತಿಗೆ ತಕ್ಕ ಎಚ್ಚರವನ್ನು ಕೆಲಸದಲ್ಲಿ ತೋರದಿರುವುದು. ಅನಾದರವಿರಬೇಕಾಗಿಲ್ಲ' ಎಂದು ವಿವರಿಸಬಹುದು. ಅನಧಿಕೃತ ವೃತ್ತಿಗೆ 'ಮಿಥ್ಯಾವೈದ್ಯ'ವೆಂಬುದು ವಿಜ್ಞಾನೇಶ್ವರನ ಬಲವುಳ್ಳ ಶಬ್ದ. 'ಸೇವಾನ್ಯೂನತೆ', 'ವೃತ್ತಿದುರ್ನಡತೆ'ಗಳು ಹೊಸವಾದರೂ ಖಚಿತವಾದುವು. ಅವುಗಳನ್ನು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸದಿದ್ದರೆ ಸಾಕು.

ಪಾಠಶಾಲೆಯಲ್ಲಿ ಅರ್ಜಿಯನ್ನು ಬರೆಯಲು ಕಲಿಸುವ ಪಂಡಿತನಿಗೆ ಈ ವಿಷಯದಲ್ಲಿ ನ್ಯಾಯವಾದಿಗಿಂತ ಮೊದಲಿನ ಅವಕಾಶವಿದೆ. ಏನು ನಡೆಯಿತು, ಯಾರು ಮಾಡಿದರು, ಏನನ್ನು ತಿಳಿಸಲಿಲ್ಲ ಎಂಬಿವನ್ನು ಬೇರೆ ಬೇರೆ ವಾಕ್ಯಗಳಲ್ಲಿ ಬರೆಯಲು ಕಲಿತ ಹುಡುಗನು ಮುಂದೆ ತನ್ನವರಿಗಾಗಿ ಫಿರ್ಯಾದಿ ಬರೆಯುವ ದಿನ ಬಂದರೆ ತಕ್ಕ ಶಬ್ದವನ್ನು ತಾನೇ ಕಂಡುಕೊಳ್ಳುವನು. ಇಲ್ಲದಿದ್ದರೆ ಉಳಿಯುವ ದಾರಿಗಳು ಎರಡೇ: ವೈದ್ಯನ ಮೇಲೆ ಏರಿಹೋಗುವುದು, ಇಲ್ಲವೇ 'ನಮ್ಮ ಕರ್ಮ' ಎಂದು ಮನೆಗೆ ಹಿಂದಿರುಗುವುದು. ಎರಡೂ ನ್ಯಾಯವಲ್ಲ. ಹಣೆಯ ಬರಹವಾವುದು, ಕೈಯ ತಪ್ಪಾವುದು ಎಂಬುದನ್ನು ಬೇರ್ಪಡಿಸಿ ಹೇಳುವ ಶಕ್ತಿಯು ಭಾಷೆಯಲ್ಲಿದ್ದರೆ ಮಾತ್ರ ನ್ಯಾಯದ ವಿಚಾರಣೆಯು ಆರಂಭವಾಗತಕ್ಕದ್ದು.